ಎದುರುಮನೆ ಕಿಟಕಿಗೆ ಅಂಟಿಸಿದ ಪೇಪರ್

ಎದುರುಮನೆ ಆಂಟಿ ತಮ್ಮ ಬೆಡ್‌ರೂಮ್ ಕಿಟಕಿಗೆ ಹಳೇ ನ್ಯೂಸ್‌ಪೇಪರ್ ಅಂಟಿಸಿದ್ದು ನನ್ನ ಕಣ್ಣಿಗೆ ಬಿದ್ದಿದ್ದು ನಾವು ಮನೆ ಹೊರಗೆ ಹೊಸ ಲೈಟು ಹಾಕಿಸಿದ ನಾಲ್ಕನೇ ದಿನ. ಬೆಳಿಗ್ಗೆ ಕಸದ ಗಾಡಿಗೆ ಕಾಯುತ್ತಾ ಗೇಟ್ ಹತ್ತಿರ ನಿಂತಿದ್ದೆ. ತಲೆ ಎತ್ತಿ ನೋಡಿದರೆ ಕಿಟಕಿ ಪೂರ್ತಿ ಪೇಪರ್. ಮನೆಗೆ ಪೇಂಟ್ ಮಾಡಿಸುತ್ತಿದ್ದಾರೇನೋ ಅಂದುಕೊಂಡೆ. ಅಷ್ಟರಲ್ಲಿ ಆಂಟಿ ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಹೊರಗೆ ಬಂದರು, ಕೇಳಿಯೇ ಬಿಟ್ಟೆ. "ಪೇಂಟೂ ಇಲ್ಲ, ಏನೂ ಇಲ್ಲಪ್ಪ. ನಿಮ್ಮನೆ ಲೈಟು ನಮ್ಮ ಮಂಚದ ಮೇಲೆ ಬೀಳುತ್ತೆ. ಅಂಕಲ್‌ಗೆ ನಿದ್ದೆ ಬರಲ್ಲ, ಅದಕ್ಕೆ" ಅಂದು ಒಳಗೆ ಹೋದರು. ಜಗಳ ಆಡಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಕಥೆ ಮೊದಲಿನಿಂದ ಹೇಳುತ್ತೇನೆ. ನಮ್ಮದು ಬೆಂಗಳೂರಿನ ಪದ್ಮನಾಭನಗರದಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ. ಹೋದ ವರ್ಷ ಮುಂಭಾಗ ಪೂರ್ತಿ ಬದಲಾಯಿಸಿದೆವು. ಮುಂದಿನ ಗೋಡೆಗೆ ಸಾದರಹಳ್ಳಿ ಕಲ್ಲು ಹಾಕಿಸಿದೆವು, ದೇವನಹಳ್ಳಿ ಕಡೆಯ ಬೂದು ಗ್ರಾನೈಟ್, ಪಾಲಿಶ್ ಇಲ್ಲದೆ ಉಳಿ ಏಟು ಕಾಣುವ ಹಾಗೆ ಒರಟಾಗಿ ಹೊಡೆದಿದ್ದು. ಅಂಗಳದಲ್ಲಿ ಒಂದು ಸಂಪಿಗೆ ಮರ, ಮೂಲೆಯಲ್ಲಿ ತೆಂಗು, ಕಾಂಪೌಂಡ್ ಮೇಲೆ ಬೋಗನ್‌ವಿಲ್ಲಾ. ಎಲ್ಲಾ ಮುಗಿದ ಮೇಲೆ, ದುಡ್ಡೂ ಮುಗಿದ ಮೇಲೆ, ಲೈಟಿನ ಮಾತು ಬಂತು. ಮನೆ ಕೆಲಸದಲ್ಲಿ ಹೊರಗಿನ ಲೈಟು ಯಾವಾಗಲೂ ಕೊನೆಗೇ ಬರುತ್ತದೆ, ಅಲ್ವಾ? "ಇಷ್ಟು ಖರ್ಚು ಮಾಡಿ ಕಲ್ಲು ಹಾಕಿಸಿದ್ದು ರಾತ್ರಿನೂ ಕಾಣಬೇಕು" ಅಂದರು ಅಪ್ಪ. ಸರಿ ಅಂತ ಲೈಟಿನ ಅಂಗಡಿಗಳಿರುವ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ.

ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆ ಒಂದೇ. "ಎಷ್ಟು ವ್ಯಾಟ್ ಹಾಕಬೇಕು?" ಈಗ ಯೋಚಿಸಿದರೆ ಅದೇ ತಪ್ಪು ಪ್ರಶ್ನೆ. ಅಂಗಡಿಯವನು ಕೇಳಿದ್ದಕ್ಕೆ ಉತ್ತರ ಕೊಟ್ಟ, ಅವನದೇನೂ ತಪ್ಪಿಲ್ಲ. 30 ವ್ಯಾಟಿನ ಆರು ಫ್ಲಡ್ ಲೈಟ್ ಕೊಟ್ಟ, ಬಿಳಿ ಬೆಳಕು, 6500 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. "ವೈಟ್ ಹಾಕಿ ಸಾರ್, ಬ್ರೈಟಾಗಿ ಬರುತ್ತೆ." ಬಂತು. ಕಾಂಪೌಂಡ್ ಗೋಡೆಯ ಮೇಲೆ ಮೂರು, ಮರದ ಕಡೆಗೆ ಎರಡು, ಗೇಟ್ ಮೇಲೆ ಒಂದು. ಅದೂ ರಸ್ತೆ ಕಡೆ ಮುಖ ಮಾಡಿ. ಆ ರಾತ್ರಿ ಸ್ವಿಚ್ ಹಾಕಿದಾಗ ಹೆಂಡತಿ ಹೊರಗೆ ಬಂದು ನೋಡಿ, "ಛತ್ರದಲ್ಲಿ ಊಟಕ್ಕೆ ಕೂರಿಸೋ ಹಾಗಿದೆ" ಅಂದಳು.

ಬೆಳಕೇನೋ ಸಿಕ್ಕಾಪಟ್ಟೆ ಇತ್ತು. ಆದರೆ ಕಲ್ಲು ಕಾಣುತ್ತಿರಲಿಲ್ಲ. ಅಂದರೆ ಗೋಡೆ ಕಾಣುತ್ತಿತ್ತು, ಕಲ್ಲಿನ ಕಲ್ಲುತನ ಇರಲಿಲ್ಲ. ಅಷ್ಟು ಒರಟಾದ ಕಲ್ಲು ಸಿಮೆಂಟ್ ಶೀಟ್ ಥರ ಚಪ್ಪಟೆಯಾಗಿ ನಿಂತಿತ್ತು. ಯಾಕೆ ಅಂತ ನನಗೆ ಒಂದು ವಾರ ಹೊಳೆಯಲಿಲ್ಲ.

ಹೊಳೆದಿದ್ದು ಕರೆಂಟ್ ಹೋದ ರಾತ್ರಿ. ನಮ್ಮನೆ ಫ್ಯೂಸ್ ಮಾತ್ರ ಹೋಗಿದೆಯಾ, ಇಡೀ ರಸ್ತೆಗೇ ಇಲ್ಲವಾ ನೋಡೋಣ ಅಂತ ಟಾರ್ಚ್ ಹಿಡಿದು ಹೊರಗೆ ಬಂದೆ. ಮೀಟರ್ ಬಾಕ್ಸ್ ಮುಚ್ಚಳ ಬಿಗಿಯಾಗಿತ್ತು, ಎರಡೂ ಕೈ ಬೇಕಾಯಿತು, ಟಾರ್ಚನ್ನು ಹಾಗೇ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟೆ. ಬೆಳಕು ಗೋಡೆಗೆ ಉಜ್ಜಿಕೊಂಡ ಹಾಗೆ ಮೇಲಕ್ಕೆ ಹೋಯಿತು. ಕಲ್ಲು ಎದ್ದು ನಿಂತಿತು. ಒಂದೊಂದು ಉಳಿ ಏಟಿನ ಮೇಲೂ ಒಂದು ಚೂರು ನೆರಳು. ಕಲ್ಲು ಕೆಲಸದವನು ಒಂದು ಕಲ್ಲಿಗೆ ಎಡದಿಂದ, ಪಕ್ಕದ್ದಕ್ಕೆ ಬಲದಿಂದ ಹೊಡೆದಿದ್ದೂ ಕಾಣುತ್ತಿತ್ತು. ಹಗಲಿನಲ್ಲಿ ಆರು ತಿಂಗಳಿಂದ ನೋಡುತ್ತಿದ್ದರೂ ಕಾಣದೇ ಇದ್ದಿದ್ದು ಅದು. ಮೂರು ವ್ಯಾಟ್ ಇದ್ದಿರಬಹುದು ಆ ಟಾರ್ಚ್. ನೂರಾ ಎಂಬತ್ತು ವ್ಯಾಟ್ ಮಾಡದ ಕೆಲಸ ಮಾಡಿತ್ತು.

ಮೇಲ್ಮೈ ನಮಗೆ ಕಾಣುವುದು ನೆರಳಿನಿಂದ. ಎದುರಿನಿಂದ ನೇರವಾಗಿ ಬೆಳಕು ಹೊಡೆದರೆ ನೆರಳು ಕಲ್ಲಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ, ನಮಗೆ ಕಾಣುವುದಿಲ್ಲ. ಗೋಡೆಗೆ ಹತ್ತಿರ, ಅರ್ಧ ಅಡಿ ಮುಕ್ಕಾಲು ಅಡಿ ದೂರದಲ್ಲಿ ಕೆಳಗಿಂದ ಹೊಡೆದರೆ ಸಣ್ಣ ಉಬ್ಬಿಗೂ ಉದ್ದ ನೆರಳು ಬೀಳುತ್ತದೆ. ಲೈಟಿನವರು ಇದಕ್ಕೆ ಗ್ರೇಜಿಂಗ್ ಅನ್ನುತ್ತಾರೆ. ದೂರದಿಂದ ಇಡೀ ಗೋಡೆಗೆ ಸಮನಾಗಿ ಬಳಿದ ಹಾಗೆ ಬೆಳಕು ಹಾಕುವುದು ವಾಷಿಂಗ್. ಕಲ್ಲು, ಇಟ್ಟಿಗೆ, ಜಾಲರಿ ಗೋಡೆ, ಇಂಥವಕ್ಕೆ ಗ್ರೇಜಿಂಗ್. ಆದರೆ ಇದೇ ಹುಮ್ಮಸ್ಸಿನಲ್ಲಿ ಪುಟ್ಟಿ ಹಾಕಿ ಪೇಂಟ್ ಮಾಡಿದ ಗೋಡೆಗೆ ಹತ್ತಿರದಿಂದ ಲೈಟ್ ಹಾಕಬೇಡಿ. ಗಾರೆ ಮೇಸ್ತ್ರಿ ಎಲ್ಲೆಲ್ಲಿ ಕರಣೆ ಸರಿಯಾಗಿ ಆಡಿಸಿಲ್ಲ ಅನ್ನುವುದೆಲ್ಲ ಮ್ಯಾಪ್ ಥರ ಕಾಣುತ್ತದೆ. ನಾನು ಸೈಡ್ ಗೋಡೆಯಲ್ಲಿ ಇದನ್ನೂ ಮಾಡಿ ನೋಡಿದ್ದೇನೆ. ನೋಡಬಾರದಿತ್ತು. ನಯವಾದ ಗೋಡೆಗೆ ಮೂರು ಅಡಿಯಾದರೂ ದೂರ ಇರಲಿ.

ಹಾಗಾಗಿ ನನ್ನ ಮೊದಲ ಸಲಹೆ, ಲೈಟ್ ತಗೊಳ್ಳುವ ಮೊದಲು ಒಂದು ಟಾರ್ಚ್ ತಗೊಳ್ಳಿ. ತಲೆ ಎಳೆದರೆ ಬೆಳಕು ಕಿರಿದಾಗುವ, ತಳ್ಳಿದರೆ ಅಗಲವಾಗುವ ಫೋಕಸ್ ಟಾರ್ಚ್ ಸಿಗುತ್ತದಲ್ಲ, ಅದು. ರಾತ್ರಿ ಎಂಟು ಗಂಟೆ ಮೇಲೆ ಹೊರಗಿನ ಲೈಟೆಲ್ಲ ಆರಿಸಿ, ಒಬ್ಬರು ಟಾರ್ಚ್ ಹಿಡಿದು ಅಲ್ಲಿ ಇಲ್ಲಿ ಇಡಬೇಕು, ಇನ್ನೊಬ್ಬರು ಗೇಟಿನ ಹೊರಗೆ ನಿಂತು ನೋಡಬೇಕು. ನಮ್ಮನೆಯಲ್ಲಿ ಟಾರ್ಚ್ ಹಿಡಿದಿದ್ದು ಮಗಳು, ಆರನೇ ಕ್ಲಾಸು. ಅವಳು ತೆಂಗಿನ ಮರದ ಬುಡದಲ್ಲಿ ಟಾರ್ಚ್ ಇಟ್ಟು, ಬೋಗನ್‌ವಿಲ್ಲಾ ಹಿಂದೆ ಇಟ್ಟು, ಕೊನೆಗೆ ತನ್ನ ಗಲ್ಲದ ಕೆಳಗೆ ಇಟ್ಟುಕೊಂಡು ದೆವ್ವ ಆಗಿ, ಒಂದು ಗಂಟೆ ಹಾಗೇ ಹೋಯಿತು. ಆದರೆ ಆ ಒಂದು ಗಂಟೆಯಲ್ಲಿ ಏನು ಬೇಕು ಏನು ಬೇಡ ಅಂತ ಗೊತ್ತಾಯಿತು. ಬಾಲ್ಕನಿ ಬೇಡ. ಪ್ಯಾರಪೆಟ್ ಬೇಡ. ಗೇಟ್ ಪಿಲ್ಲರ್ ಬೇಡ. ಕಲ್ಲಿನ ಗೋಡೆ, ಸಂಪಿಗೆ, ತೆಂಗು, ಮನೆ ನಂಬರಿನ ಫಲಕ. ಸಾಕು. ಎಲ್ಲದಕ್ಕೂ ಬೆಳಕು ಹಾಕಿದರೆ ಯಾವುದನ್ನು ನೋಡಬೇಕು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಮಧ್ಯೆ ಕತ್ತಲು ಇರಬೇಕು.

ಚಿಕ್ಕವನಿದ್ದಾಗ ಭಾನುವಾರ ಸಂಜೆ ಅಪ್ಪ ವಿಧಾನಸೌಧದ ಲೈಟ್ ತೋರಿಸೋಕೆ ಕರೆದುಕೊಂಡು ಹೋಗುತ್ತಿದ್ದರು. ಅಂಬೇಡ್ಕರ್ ವೀದಿ ಫುಟ್‌ಪಾತಿನಲ್ಲಿ ಸುಟ್ಟ ಜೋಳ ತಿನ್ನುತ್ತಾ ನಿಂತರೆ ಮುಂದಿನ ಆ 12 ಕಂಬಗಳೇ ಕಣ್ಣಿಗೆ ಬೀಳುತ್ತಿದ್ದವು. ಕಂಬಕ್ಕೆ ಬೆಳಕು, ಅದರ ಹಿಂದೆ ನೆರಳು. ಮೈಸೂರು ಅರಮನೆಯದು ಬೇರೆಯೇ ಲೆಕ್ಕ. ಅಲ್ಲಿ ಲಕ್ಷದ ಹತ್ತಿರ ಬಲ್ಬು ಸಾಲು ಸಾಲಾಗಿ ಗೋಪುರ, ಕಮಾನುಗಳ ಅಂಚಿಗೆ ಗೆರೆ ಎಳೆದಿರುತ್ತವೆ. ಅರಮನೆಯ ಗೋಡೆಗಿಂತ ಅರಮನೆಯ ರೇಖಾಚಿತ್ರ ಕಾಣುತ್ತದೆ. ಅರಮನೆಗೆ ಅದು ಚೆಂದ. ಅದನ್ನೇ ಮನೆಗೆ ಮಾಡಿದರೆ ವರ್ಷವಿಡೀ ದೀಪಾವಳಿ. ನಮ್ಮ ರಸ್ತೆಯಲ್ಲಿ ಒಂದು ಮನೆ ಹಾಗೇ ಇದೆ, ಸೀರಿಯಲ್ ಸೆಟ್ ತೆಗೆದೇ ಇಲ್ಲ. ನಾನು ಹೇಳುತ್ತಿರುವುದು ವಿಧಾನಸೌಧದ ದಾರಿ, ಬಲ್ಬು ಕಾಣಬಾರದು, ಕಲ್ಲು ಕಾಣಬೇಕು.

ಈಗ ಅಂಗಡಿಯಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆಗೆ ಬರೋಣ. ಬೀಮ್ ಆ್ಯಂಗಲ್ ಎಷ್ಟು? ಅಂದರೆ ಬೆಳಕು ಎಷ್ಟು ಡಿಗ್ರಿ ಅಗಲಕ್ಕೆ ಹರಡುತ್ತದೆ ಅಂತ. ಮಧ್ಯದಲ್ಲಿರುವ ಬೆಳಕು ಎಲ್ಲಿ ಅರ್ಧಕ್ಕೆ ಇಳಿಯುತ್ತದೋ ಅಲ್ಲಿವರೆಗಿನ ಕೋನವನ್ನು ಬೀಮ್ ಆ್ಯಂಗಲ್ ಅನ್ನುತ್ತಾರೆ, ಅದರಾಚೆಗೂ ಸ್ವಲ್ಪ ಬೆಳಕು ಇದ್ದೇ ಇರುತ್ತದೆ. ಮೂರು ಮೀಟರ್ ದೂರಕ್ಕೆ 15 ಡಿಗ್ರಿ ಲೈಟು ಹೆಚ್ಚುಕಡಿಮೆ 80 ಸೆಂಟಿಮೀಟರ್ ಅಗಲದ ವೃತ್ತ ಕೊಡುತ್ತದೆ. 24 ಡಿಗ್ರಿ ಅಂದರೆ ಒಂದೂಕಾಲು ಮೀಟರ್. 36 ಡಿಗ್ರಿ ಅಂದರೆ ಎರಡು ಮೀಟರ್ ಹತ್ತಿರ. 60 ಅಂದರೆ ಮೂರೂವರೆ ಮೀಟರ್. ದೂರ ಎರಡರಷ್ಟಾದರೆ ಅಗಲವೂ ಎರಡರಷ್ಟು, ಆದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾನು ಮೊದಲು ತಂದ ಫ್ಲಡ್ ಲೈಟು 120 ಡಿಗ್ರಿ. ಅದಕ್ಕೇ ಗೋಡೆಗೆ ಬಿದ್ದಿದ್ದು ಸ್ವಲ್ಪ, ಆಕಾಶಕ್ಕೆ ಮತ್ತು ಆಂಟಿ ಮಂಚಕ್ಕೆ ಹೋಗಿದ್ದು ಜಾಸ್ತಿ. ಏಳು ವ್ಯಾಟಿನ 15 ಡಿಗ್ರಿ ಲೈಟು ತನ್ನ ಬೀಮ್‌ನ ಮಧ್ಯದಲ್ಲಿ 30 ವ್ಯಾಟಿನ ಫ್ಲಡ್‌ಗಿಂತ ಎಷ್ಟೋ ಪಟ್ಟು ಜೋರಾಗಿರುತ್ತದೆ. ಪೈಪಿನ ತುದಿಗೆ ಬೆರಳು ಒತ್ತಿ ಹಿಡಿದು ಗಿಡಕ್ಕೆ ನೀರು ಹಾಕುತ್ತೀವಲ್ಲ, ಅದೇ ಥರ.

ತೆಂಗಿನ ಮರಕ್ಕೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ನಮ್ಮ ಮರ ಹತ್ತು ಮೀಟರ್ ಇರಬಹುದು. 15 ಡಿಗ್ರಿ ಲೈಟು ಅಷ್ಟು ಎತ್ತರಕ್ಕೆ ಹೋಗುವಷ್ಟರಲ್ಲಿ ಎರಡೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಹರಡುತ್ತದೆ. ಕಾಂಡವೂ ಕಾಣುತ್ತದೆ, ಗರಿಗಳ ಒಳಭಾಗವೂ ಹೊಳೆಯುತ್ತದೆ. ಗಾಳಿ ಬೀಸಿದರೆ ಗರಿ ಆಡುವುದು ನೋಡೋಕೇ ಚೆಂದ. ಆದರೆ ಒಂದು ವಿಷಯ ಯಾವ ಲೈಟಿನ ಅಂಗಡಿಯವರೂ ಹೇಳುವುದಿಲ್ಲ. ತೆಂಗಿನ ಮರದ ಕೆಳಗೆ ಇಟ್ಟ ಲೈಟಿನ ಮೇಲೆ ಒಂದು ದಿನ ಗರಿಯೋ ಕಾಯಿಯೋ ಬಿದ್ದೇ ಬೀಳುತ್ತದೆ. ನಮ್ಮದಕ್ಕೆ ಎರಡನೇ ತಿಂಗಳಿಗೇ ಗರಿ ಬಿತ್ತು, ಗಾಜು ಉಳಿಯಿತು, ಕುತ್ತಿಗೆ ಮುರಿಯಿತು. ಈಗ ಬುಡಕ್ಕೆ ಅಂಟಿಕೊಂಡಂತೆ, ಕಾಂಪೌಂಡ್ ಮೂಲೆಯ ಆಸರೆಯಲ್ಲಿ ಇಟ್ಟಿದ್ದೇನೆ.

ಸಂಪಿಗೆಯಂಥ ಹರಡಿದ ಮರಕ್ಕೆ ಕಿರಿದಾದ ಬೀಮ್ ಆಗುವುದಿಲ್ಲ. ಎಲೆಗಳ ಮಧ್ಯೆ ಒಂದು ತೂತು ಕೊರೆದ ಹಾಗೆ ಇರುತ್ತದೆ. 36 ಡಿಗ್ರಿಯ ಎರಡು ಲೈಟು, ಒಂದು ಮುಂದಿನಿಂದ ಓರೆಯಾಗಿ, ಇನ್ನೊಂದು ಹಿಂದಿನಿಂದ. ಒಂದೇ ಕಡೆಯಿಂದ ಹಾಕಿದರೆ ಮರ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಹಿಂದಿನ ಲೈಟಿನಿಂದ ಎಲೆ ಒಳಗಿನಿಂದಲೇ ಹಸಿರಾಗುತ್ತದೆ. ಮರ ಬೆಳೆಯುತ್ತದೆ, ಹಾಗಾಗಿ ಮಣ್ಣಿಗೆ ಚುಚ್ಚುವ ಸ್ಪೈಕ್ ಲೈಟೇ ಒಳ್ಳೆಯದು. ವರ್ಷಕ್ಕೊಮ್ಮೆ ಎರಡಡಿ ಆಚೆ ಕಿತ್ತು ಚುಚ್ಚಬಹುದು. ನೆಲದೊಳಗೆ ಹೂತಿಡುವ ಲೈಟು ಫೋಟೋದಲ್ಲಿ ತುಂಬಾ ಚೆಂದ. ಮನೆಯಲ್ಲಿ ಅದರ ಗೋಳು ಬೇರೆ.

ಆ ಗೋಳು ಹೇಳಿಬಿಡುತ್ತೇನೆ. ಫ್ಲಡ್ ಲೈಟಿನ ಜೊತೆ ನಾನು ಎರಡು ಹೂತಿಡುವ ಲೈಟೂ ತಂದಿದ್ದೆ, ಸಂಪಿಗೆ ಬುಡಕ್ಕೆ. ಡಬ್ಬದ ಮೇಲೆ ಐಪಿ65 ಅಂತ ಇತ್ತು, ವಾಟರ್‌ಪ್ರೂಫ್ ಅಂದುಕೊಂಡೆ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಒಂದರೊಳಗೆ ನೀರು ತುಂಬಿ, ಅದರಲ್ಲಿ ಒಂದು ಸತ್ತ ಇರುವೆ ತೇಲುತ್ತಾ, ಪುಟ್ಟ ಅಕ್ವೇರಿಯಂ. ಸ್ವಿಚ್ ಹಾಕಿದರೆ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಟ್ರಿಪ್. ಆಮೇಲೆ ಓದಿ ತಿಳಿದುಕೊಂಡೆ. ಐಪಿ ನಂತರದ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಧೂಳಿನ ಲೆಕ್ಕದಲ್ಲಿ 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ನೀರಿನ ಲೆಕ್ಕದಲ್ಲಿ 5 ಅಂದರೆ ಪೈಪಿನಿಂದ ನೀರು ಚಿಮ್ಮಿಸಿದರೆ ತಡೆಯುತ್ತದೆ ಅಷ್ಟೇ. ನೀರಿನಲ್ಲಿ ಮುಳುಗಿ ಕೂತರೆ ತಡೆಯಲ್ಲ. 7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬೇಕು. ಗೋಡೆ ಮೇಲೆ, ಸೂರಿನ ಕೆಳಗೆ ಐಪಿ65 ಸಾಕು. ನೆಲದೊಳಗೆ ಐಪಿ67ಕ್ಕಿಂತ ಕಡಿಮೆ ಬೇಡವೇ ಬೇಡ, ಜೊತೆಗೆ ಅದರ ಕೆಳಗೆ ಒಂದಡಿ ಗುಂಡಿ ತೋಡಿ ಜಲ್ಲಿ ತುಂಬಿ ನೀರು ಇಳಿಯೋಕೆ ದಾರಿ ಮಾಡಬೇಕು. ಅರ್ಧ ಗಂಟೆ ತಡೆಯುವ ಲೈಟನ್ನು ಮೂರು ದಿನ ನೀರಲ್ಲಿ ನಿಲ್ಲಿಸಿದರೆ ಅದು ತಾನೇ ಏನು ಮಾಡೀತು.

ಇನ್ನೊಂದು ವಿಚಿತ್ರ ಇದೆ. ಲೈಟು ಉಸಿರಾಡುತ್ತದೆ. ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಆರಿಸಿದಾಗ ಅಥವಾ ಮೇಲೆ ಮಳೆ ಬಿದ್ದಾಗ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗುವಾಗ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲಿಂದ? ವೈರ್ ಒಳಗೆ ಹೋಗುವ ಜಾಗದಿಂದ. ಗ್ಯಾಸ್ಕೆಟ್ ಎಷ್ಟೇ ಚೆನ್ನಾಗಿದ್ದರೂ, ವೈರಿನ ಇನ್ನೊಂದು ತುದಿ ಒದ್ದೆಯಾದ ಜಾಯಿಂಟಿನಲ್ಲಿದ್ದರೆ, ನೀರು ವೈರಿನ ಒಳಗಿನ ಎಳೆಗಳ ಸಂದಿಯಿಂದಲೇ ಸ್ಟ್ರಾನಲ್ಲಿ ಹೀರಿದ ಹಾಗೆ ಲೈಟಿನೊಳಗೆ ಬರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಮಣ್ಣಿನೊಳಗಿನ ಜಾಯಿಂಟಿಗೆ ಕಪ್ಪು ಟೇಪ್ ಸುತ್ತಿ ಬಿಟ್ಟಿದ್ದ. ಮನೆಯೊಳಗೆ ಅದು ಸರಿ, ಮಣ್ಣಿನೊಳಗೆ ಆ ಟೇಪ್ ಒಂದು ಮಳೆಗಾಲಕ್ಕೆ ಅಂಟು ಬಿಡುತ್ತದೆ. ಜೆಲ್ ತುಂಬಿದ ಕನೆಕ್ಟರ್ ಸಿಗುತ್ತದೆ, ದುಬಾರಿ ಏನಲ್ಲ, ಅದನ್ನೇ ಹಾಕಿಸಿ. ವೈರ್ ಡಬ್ಬಕ್ಕೆ ಹೋಗುವ ಕಡೆ ಬಿಗಿಯಾದ ಗ್ಲ್ಯಾಂಡ್, ಅಂದರೆ ವೈರನ್ನು ಸುತ್ತಲೂ ಅಪ್ಪಿ ಹಿಡಿಯುವ ಬಿರಡೆ, ಇರಲಿ. ಡಬ್ಬದೊಳಗೆ ಹೋಗುವ ಮೊದಲು ವೈರು ಸ್ವಲ್ಪ ಕೆಳಗೆ ಜೋತು ಬಿದ್ದು ಮೇಲೆ ಹತ್ತಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಎರಡನೇ ಸಲ ತಂದ ಐಪಿ67 ಲೈಟುಗಳನ್ನು ನಾನು ನೇರ ಹಾಕಿಸಲಿಲ್ಲ. ಅರ್ಧ ಗಂಟೆ ಉರಿಸಿ, ಬಿಸಿಯಾದ ಮೇಲೆ ಪ್ಲಗ್ ಕಿತ್ತು, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ, ವೈರಿನ ತುದಿ ಮಾತ್ರ ಹೊರಗೆ. ತಣ್ಣಗಾದ ಮೇಲೆ ಗಾಜಿನ ಒಳಗೆ ನೀರಿನ ಹನಿ ಕಂಡರೆ ಸೀಲ್ ಸರಿಯಿಲ್ಲ ಅಂತ ಅರ್ಥ. ಒಂದರಲ್ಲಿ ಕಂಡಿತು. ವಾಪಸ್ ಕೊಟ್ಟೆ. ಅಂಗಡಿಯವನು ಮುಖ ಸಣ್ಣ ಮಾಡಿದ, ಆದರೆ ಬದಲಾಯಿಸಿಕೊಟ್ಟ. ದಯವಿಟ್ಟು ಪ್ಲಗ್ ಹಾಕಿಕೊಂಡೇ ಇದನ್ನು ಮಾಡಬೇಡಿ.

ಬಣ್ಣದ ವಿಷಯಕ್ಕೆ ಬಂದರೆ ನನ್ನದು ಹಠ. 3000 ಕೆಲ್ವಿನ್, ಅಷ್ಟೇ. 2700 ಸಹ ಚೆಂದ, ಆದರೆ ಬೂದು ಕಲ್ಲಿನ ಮೇಲೆ ಸ್ವಲ್ಪ ಅರಿಶಿನ ಜಾಸ್ತಿಯಾದ ಹಾಗೆ. 4000ದಲ್ಲಿ ಎಲೆಯ ಹಸಿರು ಚೆನ್ನಾಗಿ ಕಾಣುತ್ತದೆ ಅನ್ನುವವರಿದ್ದಾರೆ, ನಿಜ ಕೂಡ. ದೊಡ್ಡ ತೋಟ ಇದ್ದರೆ ಮರಕ್ಕೆ ಒಂದು, ಗೋಡೆಗೆ ಒಂದು ಹಾಕಬಹುದು. ನಮ್ಮಂಥ ನಾಲ್ಕು ಹೆಜ್ಜೆ ಅಂಗಳದಲ್ಲಿ ಎರಡು ಬಣ್ಣ ಬೆರೆಸಿದರೆ ಯಾವುದೋ ಬಲ್ಬು ಕೆಟ್ಟು ಬೇರೆ ಹಾಕಿದ ಹಾಗೆ ಕಾಣುತ್ತದೆ. 6500 ಹಿತ್ತಲಿನ ಸಂಪಿನ ಹತ್ತಿರ ಇರಲಿ. ಬಿಳಿ, ನೀಲಿ ಬೆಳಕಿಗೆ ಹುಳ ಜಾಸ್ತಿ ಬರುತ್ತವೆ. ಮಳೆ ಬಿದ್ದ ಮರುದಿನ ಸಂಜೆ ಗೆದ್ದಲಿನ ರೆಕ್ಕೆಹುಳ ಬರುತ್ತವಲ್ಲ, ಫ್ಲಡ್ ಲೈಟ್ ಇದ್ದಾಗ ಬೆಳಿಗ್ಗೆ ಮೊರದಲ್ಲಿ ರೆಕ್ಕೆ ಗುಡಿಸಿ ಹಾಕಬೇಕಿತ್ತು. ಈಗ ಬರುವುದೇ ಇಲ್ಲ ಅಂತಲ್ಲ, ಗೋಡೆಯ ಹಲ್ಲಿಗಳಿಗೆ ಸಾಕಾಗುವಷ್ಟು ಬರುತ್ತವೆ.

ಸಿಆರ್‌ಐ ಅಂತ ಇನ್ನೊಂದು ಇದೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ 100ರಲ್ಲಿ ಮಾರ್ಕ್ಸು. 80 ಸಾಮಾನ್ಯ. ಹೂವಿನ ಗಿಡ ಇದ್ದರೆ 90 ಕೇಳಿ. ಕಡಿಮೆ ಮಾರ್ಕ್ಸಿನ ಲೈಟು ಮೊದಲು ಕೊಲ್ಲುವುದು ಕೆಂಪನ್ನು, ದಾಸವಾಳ ಒಣಗಿದ ಮೆಣಸಿನಕಾಯಿ ಥರ ಕಾಣುತ್ತದೆ. ಇನ್ನು ಬಣ್ಣ ಬದಲಾಯಿಸುವ ರಿಮೋಟ್ ಲೈಟು. ಅಪ್ಪನಿಗೆ ಬೇಕಿತ್ತು, ನವೆಂಬರ್ 1ಕ್ಕೆ ಹಳದಿ ಕೆಂಪು ಮಾಡಬಹುದು ಅಂತ. ಒಂದು ದಿನಕ್ಕೆ ಒಪ್ಪುತ್ತೇನೆ, ಮಿಕ್ಕ 364 ದಿನ ರಿಮೋಟ್ ಮಗಳ ಕೈಯಲ್ಲಿರುತ್ತದೆ. ಆ ದಿನಕ್ಕೆ ಬಾವುಟ ಸಾಕು ಅಂತ ಒಪ್ಪಿಸಿದೆ.

ಒಂದೇ ಸಲಕ್ಕೆ ಎಲ್ಲಾ ತಗೊಳ್ಳಿ, ಒಂದು ಜಾಸ್ತಿನೇ ತಗೊಳ್ಳಿ. ಎರಡು ಕಂಪನಿಯ 3000 ಒಂದೇ ಥರ ಇರಲ್ಲ, ಒಂದೇ ಕಂಪನಿಯ ಎರಡು ಬ್ಯಾಚೂ ಕೆಲವು ಸಲ ಇರಲ್ಲ. ಪಕ್ಕಪಕ್ಕ ಗೋಡೆ ಮೇಲೆ ಬಿದ್ದಾಗ ಒಂದು ಗುಲಾಬಿ, ಒಂದು ಹಸಿರು ಛಾಯೆ. ಬೀಳುವವರೆಗೆ ಗೊತ್ತಾಗುವುದಿಲ್ಲ.

ಕರೆಂಟಿನ ಮಾತು. 1905ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದು ಈಗ ಕೆ.ಆರ್. ಮಾರ್ಕೆಟ್ ಇರುವ ಕಡೆ ಬೀದಿದೀಪ ಹತ್ತಿದ ಊರು ನಮ್ಮದು. ಅಲ್ಲಿಂದ ಕೂಗಳತೆಯ ಅಂಗಡಿಗಳಲ್ಲೇ ನಾನು ಲೈಟು ತಂದಿದ್ದು. ಆದರೂ ಅಂಗಳದ ಒದ್ದೆ ಮಣ್ಣಿನಲ್ಲಿ 230 ವೋಲ್ಟ್ ಓಡಿಸುವುದಕ್ಕೆ ನನಗೆ ಧೈರ್ಯ ಇಲ್ಲ. ಮಗಳು ಬರಿಗಾಲಲ್ಲಿ ಓಡಾಡುತ್ತಾಳೆ, ಮಾಲಿ ಸಲಿಕೆ ಎಲ್ಲಿ ಹಾಕುತ್ತಾನೆ ಅಂತ ಅವನಿಗೇ ಗೊತ್ತಿರಲ್ಲ. 230ರದ್ದೇ ಹಾಕಿಸುವುದಾದರೆ ಕಾಂಡ್ಯೂಟ್ ಪೈಪಿನ ಒಳಗೆ, ಒಂದೂವರೆ ಅಡಿ ಆಳದಲ್ಲಿ, ಲೋಹದ ಲೈಟಿಗೆ ಅರ್ಥಿಂಗ್ ಕೊಟ್ಟು, 30 ಮಿಲಿಆಂಪ್ ಆರ್‌ಸಿಸಿಬಿ ಇಟ್ಟು ಹಾಕಿಸಿ. ಇದರಲ್ಲಿ ಚೌಕಾಸಿ ಬೇಡ. ನಾನು 24 ವೋಲ್ಟಿಗೆ ಹೋದೆ.

12 ಯಾಕಲ್ಲ? ಎಲೆಕ್ಟ್ರಿಷಿಯನ್ ಕೂಡ ಅದನ್ನೇ ಕೇಳಿದ. "12 ವೋಲ್ಟ್ ಎಲ್ಲಾ ಕಡೆ ಸಿಗುತ್ತೆ ಸಾರ್." ಲೆಕ್ಕ ಹಾಕಿ ತೋರಿಸಿದೆ. ನಮ್ಮದು ಒಟ್ಟು 40 ವ್ಯಾಟ್ ಹತ್ತಿರ, ಇಪ್ಪತ್ತು ಮೀಟರ್ ದೂರ, 1.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಅಷ್ಟೂ ಲೋಡ್ ಕೊನೆಯಲ್ಲಿದೆ ಅಂದುಕೊಂಡರೆ 12 ವೋಲ್ಟಿನಲ್ಲಿ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ, ಎಂಟನೇ ಒಂದು ಭಾಗ. ಕೊನೆಯ ಲೈಟು ಮಂಕಾಗುತ್ತದೆ. 24ರಲ್ಲಿ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ, ಕಳೆಯುವುದು ಮುಕ್ಕಾಲು ವೋಲ್ಟ್, ಅದೂ 24ರಲ್ಲಿ. ಗೊತ್ತೇ ಆಗಲ್ಲ. ಅವನು ತಲೆ ಕೆರೆದುಕೊಂಡು "ಅದಕ್ಕೇ ಆ ಇನ್ನೊಂದು ಮನೆಯಲ್ಲಿ ಕೊನೇ ಲೈಟು ಡಿಮ್ ಬರ್ತಿದೆ" ಅಂದ.

ಹೊರಗಿನ ಎಲ್‌ಇಡಿ ಕೆಟ್ಟಿತು ಅಂದರೆ ಮೊದಲು ಡ್ರೈವರ್ ಮೇಲೆ, ಅಂದರೆ ಮನೆಯ ಕರೆಂಟನ್ನು ಲೈಟಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಭಾಗದ ಮೇಲೆ, ಅನುಮಾನ ಪಡಿ, ಚಿಪ್ ಅಷ್ಟು ಬೇಗ ಕೆಡುವುದಿಲ್ಲ. ಡ್ರೈವರ್ ಲೈಟಿನೊಳಗೇ ಸೇರಿಕೊಂಡಿದ್ದರೆ ಅದು ಹೋದ ದಿನ ಪೂರ್ತಿ ಲೈಟೇ ಕಸಕ್ಕೆ. ಬೇರೆ ಇದ್ದರೆ ಅದೊಂದನ್ನು ಬದಲಾಯಿಸಬಹುದು. ನಮ್ಮದು 60 ವ್ಯಾಟಿನದು, ಪೋರ್ಟಿಕೋದಲ್ಲಿ ಮಳೆ ತಾಗದ ಜಾಗದಲ್ಲಿ, ಗಾಳಿ ಆಡುವ ಡಬ್ಬದಲ್ಲಿ, ಸ್ಟೂಲ್ ಹತ್ತಿದರೆ ಕೈಗೆ ಸಿಗುವ ಹಾಗೆ ಇದೆ. ಡ್ರೈವರ್ ಮೇಲೆ ಅದರ ತಾಕತ್ತಿನ ಎಂಬತ್ತು ಪರ್ಸೆಂಟಿಗಿಂತ ಜಾಸ್ತಿ ಹೊರೆ ಹಾಕಬೇಡಿ.

ಬಿಲ್ ಕೇಳುತ್ತೀರಿ ಅಂತ ಗೊತ್ತು. ಮೊದಲಿನ ಆರು ಫ್ಲಡ್ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 27 ಯುನಿಟ್. ಈಗ ಗೋಡೆಗೆ ಐದು ವ್ಯಾಟಿನ ಮೂರು, 24 ಡಿಗ್ರಿ. ಸಂಪಿಗೆಗೆ ಏಳರ ಎರಡು, ತೆಂಗಿಗೆ ಏಳರ ಒಂದು, ನಂಬರ್ ಫಲಕಕ್ಕೆ ಮೂರರ ಒಂದು. ಒಟ್ಟು 39 ವ್ಯಾಟ್. ಅಷ್ಟೇ ಹೊತ್ತು ಉರಿದರೂ ತಿಂಗಳಿಗೆ ಆರು ಯುನಿಟ್ ಆಗುವುದಿಲ್ಲ. ಗೃಹಜ್ಯೋತಿಯಲ್ಲಿ ಹಳೇ ಸರಾಸರಿಯ ಗಡಿ ಹತ್ತಿರ ಇರುವ ಮನೆಗಳಲ್ಲಿ ಆ ಇಪ್ಪತ್ತೊಂದು ಯುನಿಟ್ ಏನು ಅಂತ ಬಿಲ್ ನೋಡುವ ಅಪ್ಪಂದಿರಿಗೆ ಗೊತ್ತು.

ಸೋಲಾರ್ ಸ್ಪೈಕ್ ಲೈಟ್ ಬಗ್ಗೆ ಒಂದೇ ಮಾತು. ಬಾಡಿಗೆ ಮನೆಯಾದರೆ ತಗೊಳ್ಳಿ, ಮರದ ನೆರಳಿದ್ದರೆ ಬೇಡ.

ಟೈಮರ್ ಹಾಕಿಸಿ, ಆದರೆ ಸುಮ್ನೆ ಆರೂವರೆಗೆ ಆನ್ ಅಂತ ಇಡಬೇಡಿ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ 5:50ಕ್ಕೇ ಸೂರ್ಯ ಮುಳುಗುತ್ತಾನೆ, ಜುಲೈ ಶುರುವಿನಲ್ಲಿ 6:50. ಒಂದು ಗಂಟೆ ವ್ಯತ್ಯಾಸ. ಊರಿನ ಸೂರ್ಯಾಸ್ತ ತಾನೇ ಲೆಕ್ಕ ಹಾಕುವ ಟೈಮರ್ ಸಿಗುತ್ತದೆ, ಸ್ವಲ್ಪ ದುಬಾರಿ, ಆಮೇಲೆ ಮರೆತುಬಿಡಬಹುದು. ಹತ್ತು ಗಂಟೆಗೆ ನಮ್ಮದು ಆಫ್. ಸಂಪಿಗೆಯಲ್ಲಿ ಹಕ್ಕಿ ಮಲಗುತ್ತವೆ, ಅವಕ್ಕೂ ಬೆಳಿಗ್ಗೆ ಬೇಗ ಏಳುವುದಿದೆ.

ಅಂಗಡಿಯಲ್ಲಿ ಲೈಟನ್ನು ಕೈಯಲ್ಲಿ ಹಿಡಿದು ತೂಕ ನೋಡಿ. ಶಾಖ ಹೊರಗೆ ಹಾಕೋಕೆ ಅಲ್ಯೂಮಿನಿಯಂ ಬೇಕು, ಪ್ಲಾಸ್ಟಿಕ್ಕಿನ ಹಾಗೆ ಹಗುರಾಗಿದ್ದರೆ ಬೇಡ. ಸ್ಕ್ರೂ ತುಕ್ಕು ಹಿಡಿಯದ ಸ್ಟೀಲಾ ಕೇಳಿ, ಇಲ್ಲದಿದ್ದರೆ ಎರಡು ವರ್ಷದ ಮೇಲೆ ತೆಗೆಯೋಕೇ ಆಗಲ್ಲ. ಅಲ್ಲೇ ಕತ್ತಲೆ ಮೂಲೆಯ ಗೋಡೆಗೆ ಉರಿಸಿ ತೋರಿಸಿ ಅನ್ನಿ, ಬೆಳಕಿನ ಅಂಚು ಮೆಲ್ಲಗೆ ಕರಗಬೇಕು, ಬಳೆ ಬಳೆಯಾಗಿ ಗೆರೆ ಕಂಡರೆ ನಿಮ್ಮ ಕಲ್ಲಿನ ಮೇಲೂ ಅದೇ ಬಳೆ ಬೀಳುತ್ತದೆ. ತಲೆಗೆ ಟೋಪಿ ಥರದ ಮರೆ ಅಥವಾ ಜೇನುಗೂಡಿನಂಥ ಜಾಲರಿ ಹಾಕಿಕೊಳ್ಳುವ ಅವಕಾಶ ಇದೆಯಾ ನೋಡಿ. ಎದುರುಮನೆ ಇರುವವರಿಗೆ ಇದು ಕಡ್ಡಾಯ.

ಎಲ್ಲಾ ಹಾಕಿಸಿದ ದಿನ ರಾತ್ರಿ ಎಂಟಕ್ಕೆ ನಾನು ಆಂಟಿ ಮನೆಗೆ ಹೋದೆ. ಕಾಫಿ ಕೊಟ್ಟರು. ಬೆಡ್‌ರೂಮ್ ಕಿಟಕಿಯ ಪೇಪರಿನ ಒಂದು ಮೂಲೆ ಕಿತ್ತು, ಅಲ್ಲಿಂದ ನಮ್ಮ ಮನೆ ನೋಡುತ್ತಾ, ಫೋನಿನಲ್ಲಿ ಎಲೆಕ್ಟ್ರಿಷಿಯನ್‌ಗೆ ಹೇಳುತ್ತಿದ್ದೆ. "ಎಡಗಡೇದು ಸ್ವಲ್ಪ ಗೋಡೆಗೆ ತಿರುಗಿಸಿ. ಇನ್ನೂ ಸ್ವಲ್ಪ. ಹಾಂ. ಮರದ್ದು ಕೆಳಗೆ ಬಗ್ಗಿಸಿ, ಬಲ್ಬು ಕಾಣ್ತಿದೆ." ನಮ್ಮ ಅಂಗಳದಲ್ಲಿ ನಿಂತಾಗ ಎಲ್ಲಾ ಸರಿಯಾಗೇ ಇತ್ತು, ಇಲ್ಲಿಂದ ನೋಡಿದರೆ ಸಂಪಿಗೆಯ ಮುಂದಿನ ಲೈಟು ನೇರ ಕಣ್ಣಿಗೆ. ನೀವೂ ಇದೊಂದು ಮಾಡಿ, ಕಾಫಿನೂ ಸಿಗುತ್ತದೆ. ಅಂಕಲ್ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. "ಆ ಕಲ್ಲು ಈಗ ಹಾಕಿಸಿದ್ದಾ?" ಅಂತ ಕೇಳಿದರು. ಆರು ತಿಂಗಳಾಗಿತ್ತು ಹಾಕಿಸಿ.

ಪೇಪರ್ ತೆಗೆದಿದ್ದಾರೆ, ಅಂಟಿನ ಕಲೆ ಗಾಜಿನ ಮೇಲೆ ಇನ್ನೂ ಇದೆ. ನಮ್ಮ ಲೈಟಿನ ಗಾಜಿನ ಮೇಲೂ ಬೋರ್‌ವೆಲ್ ನೀರು ಒಣಗಿ ಬಿಳಿ ಪೊರೆ ಕಟ್ಟಿತ್ತು, ಹೋದ ಭಾನುವಾರ ಅರ್ಧ ನಿಂಬೆಹಣ್ಣು ಉಜ್ಜಿ ತೆಗೆದೆ. ಹಾಗೆ ಉಜ್ಜುವಾಗ ಸಂಪಿಗೆಯ ಹಿಂದಿನ ಲೈಟಿನ ಸ್ಪೈಕ್ ಅಲುಗಾಡುತ್ತಿತ್ತು, ಕನೆಕ್ಟರ್ ಹೊರಗೆ ಬಂದಿದೆ, ಈಗ ಅದೊಂದು ಉರಿಯುತ್ತಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ನಾಳೆ ಬರ್ತೀನಿ ಸಾರ್" ಅಂದಿದ್ದಾನೆ. ಅದು ಹೇಳಿ ಇವತ್ತಿಗೆ ಒಂಬತ್ತು ದಿನ.